ಗ್ವಾಡಿ ಆ ಕಡೆಯ ನಾಕು ಮಗ್ಗ

ನಮ್ಮ ಮನ್ಯಾಗ ಇಂಟರ್ನೆಟ್ ಬರೂದು ಕಿಟಕಿಯಿಂದ. ಇಳಕಲ್ಲಿನ ನಮ್ಮ ಮನಿಯೊಳಗ ಮೊಬೈಲ್ ಸಿಗ್ನಲ್ ಸಿಗೂ ಜಾಗಾ ಅದೊಂದ ಇತ್ತು. ಕಂಪ್ಯೂಟರಿಗೆ ಕರೀ ಕಣ್ಣಿನಂಥ ಒಂದು ಡಬ್ಬಿ ಸಿಗಸಿದ್ದೆ. ಫೋನಿನ ತುದಿಗೂ ಹಂಥಾದ್ದ ಒಂದು ಕಣ್ಣು. ಟಿವಿ ರಿಮೋಟಿನಂಗ ಎರಡೂ ಎದುರಾಬದುರು ನೋಡಕೋತ ಕುಂತ್ರ ಇಂಟರ್ನೆಟ್, ಫೋನು ಮಾರಿ ತಿರುವಿತೋ, ಎಲ್ಲಾ ಮೊದಲಿಂದ. ಆ ಫೋನಿಗೆ ಹೊಂದೂ ವೈರ್ ಬಾಗಲಕೋಟ್ಯಾಗೂ ಸಿಕ್ಕಿರಲಿಲ್ಲ.

ಮಾರಿ ತಿರುವಸೂ ಕೆಲಸ ಕಾಕಾನ ಮಗ್ಗ ಮಾಡ್ತಿದ್ವು. ಅಪ್ಪನ ತಮ್ಮ ಅವ, ಗ್ವಾಡಿ ಆ ಕಡೆ ಇರ್ತಿದ್ದ. ಅಪ್ಪ ಕೈಮಗ್ಗ ಬಿಟ್ಟವನಲ್ಲ, ಕಾಕಾ ನಾಕು ಪವರ್‌ಲೂಮ್ ಹಾಕಿದ. ಮೊದಲನೇದು ಬಂದ ದಿನ ಅಪ್ಪ ಓಣ್ಯಾಗ ನಿಂತು "ಹಿಟ್ಟಿನ ಗಿರಣಿ ತಂದಾನ" ಅಂದ. ಕಾಕಾಗ ಕೇಳಿಸ್ತು. ಅವತ್ತಿಂದ ಆರು ವರ್ಷ ಇಬ್ಬರಿಗೂ ಮಾತಿಲ್ಲ.

ಮಗ್ಗ ಶುರುವಾದ್ರ ಗ್ವಾಡಿ ಅದುರಿ ಕಿಟಕಿ ಕಟ್ಟಿ ಮ್ಯಾಲಿನ ಫೋನು ತಾನ ನಡಕೋತ ಹೋಗ್ತಿತ್ತು. ಕೆಳಗ ಕೌದಿ ಮಡಚಿ ಹಾಕಿದೆ, ಕೌದಿ ಸುದ್ದಾ ನಡೀತು. ಕೈಯಾಗ ಹಿಡಕೊಂಡು ಕುಂತ್ರ ಟೈಪ್ ಮಾಡೂದು ಯಾರು? ಕರೆಂಟ್ ಹೋದ್ರ ಮಗ್ಗ ನಿಂದ್ರತಿದ್ವು ಖರೆ, ಕಂಪ್ಯೂಟರ್ರೂ ನಿಂದ್ರತಿತ್ತು. ಸರಕಾರ ಇಬ್ಬರಿಗೂ ಭೇದ ಮಾಡಲಿಲ್ಲ.

ಅವತ್ತು ಸರಕಾರಿ ಸಾಲಿ ಟೀಚರ್ ಅರ್ಜಿಗೆ ಕಡೀ ದಿನ. ಸಂಜಿ ಐದರೊಳಗ ಕಂಪ್ಯೂಟರಿನಾಗ ತುಂಬಿ ಕಳಸಬೇಕು. ಮುಂದಿನ ವರ್ಷ ನನ್ನ ವಯಸ್ಸು ಮೀರತಿತ್ತು. ಅಂದ್ರ ಇದ ಕಡೀ ಸಲ. ಪ್ಯಾಟಿಗೆ ಹೋದ್ರ ಯಾರೋ ರಸ್ತೆ ಅಗದು ಟೆಲಿಫೋನ್ ಕೇಬಲ್ ಹರದಿದ್ರು, ಇಂಟರ್ನೆಟ್ ಅಂಗಡಿಯವರು ಕಟ್ಟಿ ಮ್ಯಾಲೆ ಕುಂತು ಶೇಂಗಾ ತಿನ್ನಾಕತ್ತಿದ್ರು. ಮನಿಗೆ ಬಂದು ಏಳು ಸಲ ತುಂಬಿದೆ, ಏಳು ಸಲ ಫೋನು ನಡೀತು. ನಾಕೂವರಿಗೆ ನಾ ಅತ್ತೆ. ನಾಚಿಕಿ ಇಲ್ಲದ, ಜೋರಾಗಿ ಅತ್ತೆ.

ಅಪ್ಪ ಕಾಲು ಇಳಿಬಿಟ್ಟು ಕುಂತಿದ್ದ ಮಗ್ಗದ ಕುಣಿಯಿಂದ ಎದ್ದ. ಧೋತರ ಝಾಡಿಸಿಕೊಂಡು ಕಾಕಾನ ಬಾಗಲಿಗೆ ಹೋಗಿ ನಿಂತ. "ಮಗ್ಗ ಒಂದೀಟ ನಿಂದ್ರಸು" ಅಂದ. ಆ ಸಪ್ಪಳದಾಗ ಯಾರಿಗೆ ಕೇಳಬೇಕು? ಆರು ವರ್ಷದ ಮ್ಯಾಲಿನ ಮೊದಲನೇ ಮಾತು ಮೂರು ಸಲ ಒದರಬೇಕಾತು.

ನಾಕೂ ಮಗ್ಗ ನಿಂತ್ವು. ಓಣಿ ಅಷ್ಟು ಸುಮ್ಮನಾದದ್ದು ನಾ ಕೇಳಿರಲಿಲ್ಲ. ಅರ್ಜಿ ಇನ್ನೇನ ಹೋಗಬೇಕು, ಅಷ್ಟರಾಗ ಕಾಕಾ ಒಳಗ ಬಂದ. ಕಿಟಕಿ ಕಡೆ ಹೋಗಿ "ಇದೇನು?" ಅಂತ ಫೋನು ಕೈಯಾಗ ತಗೊಂಡ.

ಹೋತು. ಇಂಟರ್ನೆಟ್ ಕಡದಿತ್ತು, ಮತ್ತ ಎಲ್ಲಾ ಮೊದಲಿಂದ. ಸಣ್ಣದಕ್ಕೂ ಒದರೂ ನಮ್ಮಪ್ಪ ಕಿಟಕಿ ಕಡೆ ಸರದು ನಿಂತ. ಅವ್ವ ಚಾ ಇಡಾಕ ಹೋದ್ಲು.

"ತಪ್ಪಾತೇನವಾ?" ಅಂದ ಕಾಕಾ. ಫೋನು ತಿರುಗಿ ಇಟ್ಟ. ಅಪ್ಪ ಒಂದು ಕಣ್ಣು ಮುಚ್ಚಿ ಬಗ್ಗಿ ನೋಡಿ "ಒಂದೆಳಿ ಎಡಕ್ಕ" ಅಂದ. ಕಾಕಾ ನೂಲಿನ ಒಂದು ಎಳಿಯಷ್ಟ ಸರಿಸಿದ. "ಭಾಳಾತು, ಅರ್ಧ ಎಳಿ ಬಲಕ್ಕ." ಸಣ್ಣವರಿದ್ದಾಗ ಇಬ್ಬರೂ ಒಂದ ಮಗ್ಗದಾಗ ಕೆಲಸ ಕಲತವರು. ಉಸಿರು ಬಿಗಿ ಹಿಡದು ಫೋನಿನ ಎರಡೂ ಕಡೆ ಕುಂತ್ರು, ನಾ ಮತ್ತ ತುಂಬಿದೆ. ಐದಕ್ಕ ನಾಕು ನಿಮಿಷ ಇದ್ದಾಗ ಅರ್ಜಿ ಹೋತು.

"ಮುಟ್ಟಿತೇನು?" ಅಂದ್ರು ಇಬ್ಬರೂ ಒಮ್ಮಿಗೇ. "ಮುಟ್ಟಿತ್ರಿ" ಅಂದೆ. ಚಾ ಆರಿತ್ತು. ಆರಿದ್ದನ್ನ ಕುಡದ್ರು.

ಕೆಲಸ ಸಿಗಲಿಲ್ಲ. ಪಟ್ಟಿ ಬಂದಾಗ ನನ್ನ ಹೆಸರಿಲ್ಲ, ವಯಸ್ಸೂ ಮುಗದಿತ್ತು. ಭಾಳ ಸಂಕಟಾತು. ಅದನ್ನ ಕಾಕಾಗ ಹೇಳಾಕ ಯಾಕೋ ಮನಸಾಗಲಿಲ್ಲ. ಅವ ದಿನಾ ನಾಕೂವರಿಗೆ ಮಗ್ಗ ನಿಂದ್ರಸಿ ಗ್ವಾಡಿ ಆ ಕಡೆಯಿಂದ ಕೇಳ್ತಿದ್ದ, "ಏನರ ಕಳಸೂದೈತೇನವಾ ಇವತ್ತ?"

ಅಪ್ಪ ಕೈಮಗ್ಗ ನಿಂದ್ರಸಿ ನನ್ನ ಮಾರಿ ನೋಡ್ತಿದ್ದ.

"ಐತ್ರಿ ಕಾಕಾ, ಬರ್ರಿ" ಅಂತಿದ್ದೆ.