ಗಿಟಾರಿನ ಹೊಟ್ಟೆಯೊಳಗಿನ ಹೆಸರು

ಬೈಲಹೊಂಗಲದ ಪರಪ್ಪ ಮಿಸ್ತ್ರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರವರು ಹೇಳುತ್ತಿದ್ದರು. ಅವನ ಹೆಂಡತಿ ಸೀತವ್ವನ ಮಾತು ಬೇರೆ. "ಮೂಗಿಗೆ ಬರೂದು ಆಮ್ಯಾಲೆ. ಮದಲ ಹೊಟ್ಟ್ಯಾಗ ಹೊತ್ತಿಕೋತೈತಿ," ಎನ್ನುತ್ತಿದ್ದಳು. ಅವಳು ಹೇಳಿದ್ದೇ ಖರೆ. ತನ್ನ ಕಸುಬಿನಲ್ಲಿ ಇನ್ನೊಬ್ಬನನ್ನು ಯಾರಾದರೂ ಹೊಗಳಿದರೆ ಅವತ್ತು ಪರಪ್ಪನಿಗೆ ಎರಡನೇ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಹಾಗೆ ನೋಡಿದರೆ ಅವನಿಗೆ ಹೊಟ್ಟೆಕಿಚ್ಚು ಪಡುವ ಕಾರಣವೇ ಇರಲಿಲ್ಲ. ಕಿತ್ತೂರಿನಿಂದ ರಾಮದುರ್ಗದ ತನಕ ಯಾವ ಭಜನೆ ಮೇಳದ ಹಾರ್ಮೋನಿಯಂ ಪೇಟಿ ಉಸಿರು ಬಿಟ್ಟರೂ, ಯಾವ ತಂಬೂರಿಯ ಸೋರೆಬುರುಡೆ ಸೀಳು ಬಿಟ್ಟರೂ, ಬಸ್ಸಿನ ನೆತ್ತಿಯ ಮೇಲೆ ಕೂತು ಅದು ಪರಪ್ಪನ ಕೊಟ್ಟಿಗೆಗೇ ಬರಬೇಕಾಗಿತ್ತು. ಅಪ್ಪ ಗಂಗಪ್ಪ ಹಲಗೆ ಬಾರಿಸುತ್ತಿದ್ದವನು. ಮಗ ಮೂರನೇ ಇಯತ್ತೆಗೆ ಸಾಲೆ ಬಿಟ್ಟು, ಮಿರಜಿಗೆ ಹೋಗಿ, ತಂಬೂರಿ ಮಾಡುವವರ ಮನೆಯ ಹೊರಕಟ್ಟೆಯ ಮೇಲೆ ಎರಡು ವರ್ಷ ಕೂತು ಕೆಲಸ ಕಲಿತು ಬಂದಿದ್ದ. ಅವನನ್ನು ಒಳಗೆ ಕರೆಯದ ಮನೆಗಳ ಪೇಟಿಗಳೂ ಅವನ ಕೈ ದಾಟಿಯೇ ದೇವರ ಮುಂದೆ ಹೋಗುತ್ತಿದ್ದವು.

ಕೆಲಸ ಮುಗಿಸಿ ಮೇಲಿನ ಹಲಗೆ ಮುಚ್ಚುವ ಮುಂಚೆ ಪರಪ್ಪ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು, ವಾದ್ಯದ ಒಳಮೈಯಲ್ಲಿ "ಪರಪ್ಪ, ಬೈಲಹೊಂಗಲ" ಎಂದು ಬರೆದು ತಾರೀಖು ಹಾಕುತ್ತಿದ್ದ. ಬರೆಯುವುದೆಂದರೆ ಅವನಿಗೆ ಅಷ್ಟೇ ಬರುತ್ತಿತ್ತು. "ಹೊರಗ ಯಾರ ಹೆಸರರ ಇರ್ಲಿ, ಹೊಟ್ಟ್ಯಾಗ ನಂದ ಇರ್ತೈತಿ," ಎನ್ನುವುದು ಅವನ ದೊಡ್ಡಸ್ತಿಕೆ. ಈ ಸೀಮೆಯಲ್ಲಿ ತನ್ನ ಹೆಸರಿಲ್ಲದೆ ದನಿ ತೆಗೆಯುವ ವಾದ್ಯ ಒಂದೂ ಇರಬಾರದು, ಇಷ್ಟೇ ಅವನ ಆಸೆ.

೧೯೭೪ರ ಚಳಿಗಾಲದಲ್ಲಿ ಅಂಥದ್ದೊಂದು ಬಂತು.

ಹತ್ತಿ ಗಿರಣಿಯಲ್ಲಿ ಗುಮಾಸ್ತರಾಗಿದ್ದ ಕೃಷ್ಣಾಜಿರಾಯರು ಪರಪ್ಪನ ಇಪ್ಪತ್ತು ವರ್ಷದ ಗೆಳೆಯರು. ಊರಲ್ಲಿ ಆರ್ಕೆಸ್ಟ್ರಾ ಕಟ್ಟಿದ್ದವರು. ಗಿರಣಿ ಬಿಟ್ಟ ಮೇಲೆ ದಿನಾ ಪರಪ್ಪನ ಕೊಟ್ಟಿಗೆಯಲ್ಲಿ ಕೂತು ಚಹಾ ಕುಡಿಯುವುದು ಅವರ ರೂಢಿ. ಆ ವಾರ ನಾಲ್ಕು ದಿನ ಅವರ ಸುಳಿವಿರಲಿಲ್ಲ. ಐದನೇ ದಿನ ಸಂತೆಯಿಂದ ಬಂದ ಸೀತವ್ವ ಬುಟ್ಟಿ ಇಳಿಸುತ್ತಲೇ ಹೇಳಿದಳು:

"ರಾಯರ ಭಾವ ಮುಂಬೈಯಿಂದ ಪೆಟಗಿ ಕಳಿಸ್ಯಾರಂತ. ಕರೆಂಟಿನ ಗಿಟಾರಂತ, ಎಲ್ಲಾ ಬಿಡಿಬಿಡಿ ಸಾಮಾನ. ನಾವ ಜೋಡಿಸ್ಕೋಬೇಕಂತ."

ಮರ ಹೆರೆಯುತ್ತಿದ್ದ ಪರಪ್ಪನ ಕೈಯಲ್ಲಿನ ರಂದಾ ನಡುದಾರಿಯಲ್ಲೇ ನಿಂತಿತು. "ಎಲ್ಲೈತಿ ಪೆಟಗಿ?"

"ರೇಡಿಯೋ ರಿಪೇರಿ ರಘೋತ್ತಮಾಚಾರ್ರ ಅಂಗಡ್ಯಾಗ."

ರಘೋತ್ತಮ ದೇಗಾಂವದ ಪೂಜೆ ಮನೆತನದವನು. ಅಣ್ಣಂದಿರು ಗಂಟೆ ಹಿಡಿದರೆ ಇವನು ಹುಬ್ಬಳ್ಳಿಗೆ ಹೋಗಿ ರೇಡಿಯೋ ಕೆಲಸ ಕಲಿತು ಬಂದು, ಎರಡು ವರ್ಷದ ಹಿಂದೆ ಬಸ್ ನಿಲ್ದಾಣದ ಎದುರು ಅಂಗಡಿ ಹಾಕಿದ್ದ. ಮೂವತ್ತರ ಆಸುಪಾಸು. ಎಂದೂ ದನಿ ಏರಿಸುವವನಲ್ಲ, ಜನ ಆಗಲೇ ಅವನನ್ನು ಇಂಜಿನಿಯರ್ ಎಂದು ಕರೆಯತೊಡಗಿದ್ದರು.

"ಗಿಟಾರು ಕಟ್ಟಗಿದೋ, ರೇಡಿಯೋದ್ದೋ?" ಪರಪ್ಪ ಕೂಗಿದ.

"ನನಗೇನ ಕೇಳ್ತೀರಿ? ಕಟ್ಟಗಿ ನಾ ಕಡದೇನೇನು?" ಎಂದು ಸೀತವ್ವ ಒಳಗೆ ಹೋದಳು.

ನೆಟ್ಟಗೆ ಹೋಗಿ ನೋಡಲು ಮಾನ ಬಿಡಲಿಲ್ಲ, ನೋಡದೆ ಇರಲು ಹೊಟ್ಟೆ ಬಿಡಲಿಲ್ಲ. ಮರುದಿನ ಬೆಳಿಗ್ಗೆ ಪರಪ್ಪ ಗೂಡಿನಲ್ಲಿದ್ದ ಟ್ರಾನ್ಸಿಸ್ಟರ್ ಇಳಿಸಿ, ಹಿಂಭಾಗ ಬಿಚ್ಚಿ, ಕಣ್ಣಿಗೆ ಬಿದ್ದ ಒಂದು ಕೆಂಪು ವೈರನ್ನು ಉಳಿಯಿಂದ ಕಚಕ್ಕನೆ ಕತ್ತರಿಸಿದ. ಚೆಂದಾಗಿ ಹಾಡುತ್ತಿದ್ದ ರೇಡಿಯೋ ಸತ್ತುಹೋಯಿತು. ಅದನ್ನು ಬಗಲಲ್ಲಿ ಇಟ್ಟುಕೊಂಡು ಬಸ್ ನಿಲ್ದಾಣದ ಕಡೆ ನಡೆದ.

ಅಂಗಡಿಯಲ್ಲಿ ಮೇಜಿನ ತುಂಬ ಗಿಟಾರಿನ ಸಾಮಾನು ಹರಡಿತ್ತು. ಬಣ್ಣ ಕಾಣದ ಬಿಳಿಚು ಮೈ, ಬೇರೆಯಾಗಿ ಬಿದ್ದ ಕುತ್ತಿಗೆ, ತಂತಿ ಬಿಗಿಯಲು ತಿರುವುವ ಆರು ಕೀಲಿಗಳು, ಸುರುಳಿ ಸುತ್ತಿದ ತಂತಿ. ಪಕ್ಕದಲ್ಲಿ ಕೃಷ್ಣಾಜಿರಾಯರು ಕೂತು ಚಹಾ ಕುಡಿಯುತ್ತಿದ್ದರು. ಆ ಚಹಾದ ಕಪ್ಪು-ಬಶಿ ನೋಡಿ ಪರಪ್ಪನಿಗೆ ಗಿಟಾರಿಗಿಂತ ಹೆಚ್ಚು ಉರಿಯಿತು.

"ಬರ್ರಿ ಮಿಸ್ತ್ರಿ, ಕೂಡ್ರಿ," ಎಂದ ರಘೋತ್ತಮ.

"ಕೂಡಾಕ ಬಂದಿಲ್ಲ. ರೇಡಿಯೋ ಕೆಟ್ಟೈತಿ."

ರಘೋತ್ತಮ ಹಿಂಭಾಗ ತೆಗೆದು ನೋಡಿದ. ಕತ್ತರಿಸಿದ ವೈರಿನ ತುದಿಯನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದ. "ಇಲಿ ಕಡಿದದ ನೋಡ್ರಿ," ಎಂದ. "ಭಾಳ ಚೂಪು ಹಲ್ಲಿನ ಇಲಿ." ಎರಡು ನಿಮಿಷದಲ್ಲಿ ಬೆಸುಗೆ ಹಾಕಿ ಕೊಟ್ಟ.

ರೇಡಿಯೋ ಹಾಡಿದರೂ ಪರಪ್ಪ ಕದಲಲಿಲ್ಲ. ಗಿಟಾರಿನ ಮೈ ಎತ್ತಿ ಬೆರಳಿನಿಂದ ಬಡಿದು ನೋಡಿದ. "ಇದಕ್ಕ ಪಾಲಿಶ್ ಯಾರ ಮಾಡವ್ರು?"

ರಾಯರು ಕಪ್ಪಿನೊಳಗೆ ನೋಡುತ್ತ ಹೇಳಿದರು. "ಯರಗಟ್ಟಿ ಗಂಗಯ್ಯನ್ನ ಕೇಳಬೇಕಂತ ಮಾಡೀವಿ."

"ಯಾರು? ಆ ಹೊರಸು ಮಂಚ ಮಾಡಾಂವ?" ಪರಪ್ಪನ ದನಿಗೆ ಎದುರಿನ ಬಸ್ಸಿನವರೂ ತಿರುಗಿ ನೋಡಿದರು. "ಹೊರಸಿನ ಕಾಲಿಗಿ ಬಣ್ಣಾ ಬಳ್ಯಾಂವಗ ವಾದ್ಯ ಕೊಡ್ತೀರಿ? ಇಪ್ಪತ್ತ ವರ್ಷ ನನ್ನ ಚಹಾ ಕುಡದೀರಿ ರಾಯರ, ನಾಚಿಕಿ ಬರಬೇಕು!"

"ನೀ ಪೇಟಿ ತಂಬೂರಿ ಮಾಡಾಂವ, ಇದು ಕರೆಂಟಿಂದು ಅಂತ..."

"ಕರೆಂಟ ಕಟ್ಟಗಿಯೊಳಗ ಹರೀತೈತೇನು?"

ರಘೋತ್ತಮ ನಡುವೆ ಬಂದ. "ಮಿಸ್ತ್ರಿ ಹೇಳೂದು ಖರೇನ ಅದರಿ ರಾಯರ. ಕಟ್ಟಿಗಿ ಅವರು ನೋಡ್ಲಿ, ವೈರು ನಾ ನೋಡ್ತೀನಿ." ಸಾಮಾನನ್ನು ಪೆಟ್ಟಿಗೆಗೆ ತುಂಬಿ, ತಾನೇ ಎತ್ತಿ ಪರಪ್ಪನ ಕೈಗಿಟ್ಟ. ಗೆದ್ದವನು ಪರಪ್ಪನೇ. ಆದರೆ ಕೊಟ್ಟವನು ರಘೋತ್ತಮನಾದನಲ್ಲ, ಅದು ದಾರಿಯುದ್ದಕ್ಕೂ ಚುಚ್ಚಿತು.

ಹದಿನೈದು ದಿನ ಪರಪ್ಪ ಬೇರೆ ಕೆಲಸ ಮುಟ್ಟಲಿಲ್ಲ. ಮೈಯನ್ನು ಮರಳುಕಾಗದದಿಂದ ಉಜ್ಜಿ ಕೆನ್ನೆಯ ಹಾಗೆ ನುಣುಪು ಮಾಡಿದ. ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹಳೆಯ ಧೋತರದ ತುಂಡಿನಲ್ಲಿ ಹತ್ತಿ ಕಟ್ಟಿ ಅದ್ದಿ, ಗಾಳಿ ಧೂಳು ಏಳುವ ಮುಂಚಿನ ಬೆಳಗಿನಲ್ಲಿ ದಿನಕ್ಕೊಂದು ಕೈ ಬಳಿದ. ಹನ್ನೆರಡನೆಯ ಕೈಗೆ ಮರ ಜೋನಿಬೆಲ್ಲದ ಬಣ್ಣ ಹೊತ್ತು ಒಳಗಿನಿಂದ ಹೊಳೆಯಿತು. ಸೀತವ್ವ ಅದರಲ್ಲಿ ಮುಖ ನೋಡಿಕೊಂಡು ಕುಂಕುಮ ಸರಿಮಾಡಿಕೊಂಡಳು.

ಗಿಟಾರಿನ ಬೆನ್ನಿನಲ್ಲಿ ವೈರು ಕೂರುವ ಗುಳಿಯಿತ್ತು. ಪರಪ್ಪ ಪೆನ್ಸಿಲ್ ಒದ್ದೆ ಮಾಡಿಕೊಂಡು ಅದರ ತಳದ ತುಂಬ, ಅಂಚಿನಿಂದ ಅಂಚಿಗೆ, ತನ್ನ ಹೆಸರು ಊರು ಬರೆದ. ಅಷ್ಟು ದೊಡ್ಡ ಅಕ್ಷರ ಅವನು ಹುಟ್ಟಿದಾಗಿನಿಂದ ಬರೆದಿರಲಿಲ್ಲ.

ವೈರು ಜೋಡಿಸಲು ಕೊಟ್ಟಿಗೆಗೆ ಬಂದ ರಘೋತ್ತಮ ಅದನ್ನು ಓದಿ, ಬೆಸುಗೆಯ ಕಡ್ಡಿ ಕೆಳಗಿಟ್ಟ. "ನನಗೂ ಒಂಚೂರು ಜಾಗಾ ಇಡಬೇಕಿತ್ತು ಮಿಸ್ತ್ರಿ. ನಾ ಮಾಡ್ಲಿಕ್ಕೆ ಹತ್ತಿದ್ದೂ ಇದು ಮೊದಲ್ನೇ ಗಿಟಾರು."

"ಜಾಗಾ ಎಲ್ಲೈತ್ರಿ?" ಎಂದ ಪರಪ್ಪ. ಅವತ್ತು ಮೂರು ರೊಟ್ಟಿ ತಿಂದ.

ಉಳಿದದ್ದು ತಂತಿ. ಪೆಟ್ಟಿಗೆಯಲ್ಲಿ ಬಂದ ತಂತಿಗಳನ್ನು ಬೆರಳಿನಿಂದ ಮಿಡಿದು ನೋಡಿದ. ಅವು ಡಬ್ಬಿ ಬಡಿದ ಹಾಗೆ ಕೇಳಿದವು. ಇವನ್ನೇ ಕಟ್ಟಿದರೆ ಜನ ದನಿ ಕೇಳಿ ವೈರಿನವನನ್ನು ಹೊಗಳುತ್ತಾರೆ. ದನಿಯೂ ತನ್ನದೇ ಆಗಬೇಕು. ಮಿರಜಿನಿಂದ ತಂದು ತಂಬೂರಿಗೆಂದು ಜೋಪಾನ ಮಾಡಿದ್ದ ಹಿತ್ತಾಳೆ ತಂತಿಯ ಸುರುಳಿ ತೆಗೆದ. ದಪ್ಪ ಸಣ್ಣ ನೋಡಿ ಆರನ್ನೂ ಆರಿಸಿ, ಶ್ರುತಿ ಸ್ವಲ್ಪ ಇಳಿಸಿ ಕಟ್ಟಿದ. ಎದೆಗೊತ್ತಿ ಮಿಡಿದರೆ ಜೇನು ಸುರಿದಂತಿತ್ತು. ಪೆಟ್ಟಿಗೆಯ ಉಕ್ಕಿನ ತಂತಿಗಳನ್ನು ಗೋಡೆಯ ಮೊಳೆಗೆ ತೂಗುಹಾಕಿದ.

ರವಿವಾರ ಸಂಜೆ ರಾಯರ ಪಡಸಾಲೆಯಲ್ಲಿ ಪರೀಕ್ಷೆ. ಮುಂದಿನ ಶನಿವಾರ ಕಿತ್ತೂರಿನಲ್ಲಿ ಕಾರ್ಯಕ್ರಮವಿತ್ತು. ಆರ್ಕೆಸ್ಟ್ರಾದವರೆಲ್ಲ ಸೇರಿದ್ದರು. ಪಾಲಿಶ್ ನೋಡಿ ಒಬ್ಬೊಬ್ಬರೂ ಬಾಯಿ ತೆರೆದರು, ಪರಪ್ಪ ಮೀಸೆ ತೀಡಿಕೊಂಡ. ರಘೋತ್ತಮ ದನಿ ಹಿಗ್ಗಿಸುವ ಆಂಪ್ಲಿಫೈಯರ್ ಡಬ್ಬಿ ಹಚ್ಚಿದ. ರಾಯರು ಗಿಟಾರನ್ನು ಕೊರಳಿಗೆ ಹಾಕಿಕೊಂಡು ಕೈ ಬೀಸಿದರು.

ಗುಂಯ್ ಎಂದು ಕರೆಂಟಿನ ಸದ್ದೊಂದು ಬಿಟ್ಟರೆ ಡಬ್ಬಿಯಿಂದ ಏನೂ ಬರಲಿಲ್ಲ. ಗುಂಡಿ ತಿರುವಿದರು, ಮತ್ತೆ ಬೀಸಿದರು. ಇಲ್ಲ.

ಪರಪ್ಪನ ಎದೆಯಲ್ಲಿ ಲಾಡು ಹಂಚಿದಂತಾಯಿತು. ಎದ್ದು ನಿಂತು ಕೂಗಿಯೇಬಿಟ್ಟ: "ಇಂಜಿನಿಯರ್ ಅಂತ, ಇಂಜಿನಿಯರ್! ನಾಕ ವೈರ ಹಚ್ಚಾಕ ಬರಲಿಲ್ಲ. ಹದಿನೈದ ದಿನಾ ನಾ ಜೀವಾ ತೇದೇನಿ, ಇವರು ಹೊಗಿ ಹಾಕಿ ಕೂತರು!"

ರಘೋತ್ತಮ ಗಿಟಾರನ್ನು ಇಸಿದುಕೊಂಡ. ಕೂತು, ಸ್ಕ್ರೂ ಡ್ರೈವರಿನ ತುದಿಯಿಂದ ತಂತಿಯ ಕೆಳಗಿನ ಅಯಸ್ಕಾಂತದ ಪಟ್ಟಿಯನ್ನು ಕುಟ್ಟಿದ. ಡಬ್ಬಿಯಿಂದ ಟಕ್ ಟಕ್ ಎಂದು ಗಟ್ಟಿ ಸದ್ದು ಬಂತು. ಆಮೇಲೆ ಬಾಗಿ ತಂತಿಯ ಬಣ್ಣ ನೋಡಿದ, ಉಗುರಿನಿಂದ ಕೆರೆದು ನೋಡಿದ. ತಲೆಯೆತ್ತಿ ಒಂದು ಗಳಿಗೆ ಪರಪ್ಪನ ಮುಖ ನೋಡಿದ.

"ನನ್ನ ಬೆಸುಗಿ ಬಿಟ್ಟದ ರಾಯರ," ಎಂದ. "ಎರಡ ದಿನದಾಗ ಸರಿ ಮಾಡಿ ಕೊಡ್ತೀನಿ."

ಮರುದಿನ ಅವನು ಒಬ್ಬನೇ ಕೊಟ್ಟಿಗೆಗೆ ಬಂದ. "ಆ ಹಳೀ ತಂತಿ ಅವೇನ್ರಿ ಮಿಸ್ತ್ರಿ?" ಎಂದು ಕೇಳಿ, ಮೊಳೆಯಿಂದ ತಾನೇ ತೆಗೆದುಕೊಂಡ. ಕಿಸೆಯಿಂದ ಹಾಳಾದ ಸ್ಪೀಕರಿನ ಅಯಸ್ಕಾಂತ ತೆಗೆದು ಮೇಜಿನ ಮೇಲಿಟ್ಟ. ಉಕ್ಕಿನ ತಂತಿ ಹತ್ತಿರ ತಂದರೆ ಅದು ಟಪ್ಪನೆ ಹಾರಿ ಕಚ್ಚಿಕೊಂಡಿತು. ಪಕ್ಕದಲ್ಲಿದ್ದ ಹಿತ್ತಾಳೆಯ ತುಂಡನ್ನು ಅದರ ಮೇಲಿಟ್ಟ. ಅದು ಸತ್ತ ಹುಳದ ಹಾಗೆ ಬಿದ್ದುಕೊಂಡಿತ್ತು.

"ಈ ಗಿಟಾರಿಗೆ ಕಿವಿ ಇರೂದು ಅಯಸ್ಕಾಂತದಾಗ. ಹಿತ್ತಾಳಿ ಎಷ್ಟ ಚೆಂದ ಹಾಡಿದ್ರೂ ಅದಕ್ಕ ಕೇಳ್ಸೂದಿಲ್ಲ," ಎಂದ. ಬಾಗಿಲ ತನಕ ಹೋಗಿ ತಿರುಗಿದ. "ನಾ ಯಾರಿಗೂ ಹೇಳೂದಿಲ್ಲ, ಮಿಸ್ತ್ರಿ."

ಬೈದಿದ್ದರೆ ಪರಪ್ಪ ತಿರುಗಿ ಬೈಯುತ್ತಿದ್ದ. ನಕ್ಕಿದ್ದರೆ ರಂದಾ ಎಸೆಯುತ್ತಿದ್ದ. ಇದಕ್ಕೆ ಏನು ಮಾಡುವುದು? ಕೆಲಸದಲ್ಲೂ ಅವನೇ ಮೇಲು, ಗುಣದಲ್ಲೂ ಅವನೇ ಮೇಲು! ಮೂರು ದಿನ ಒಂದೊಂದೇ ರೊಟ್ಟಿ ತಿಂದ. "ಏನಾತ್ರಿ?" ಎಂದು ಸೀತವ್ವ ಕೇಳಿದಾಗ ಎಲ್ಲ ಹೇಳಿಕೊಂಡ.

"ಚಲೋ ಮನಷ್ಯಾ ಪಾಪ," ಎಂದಳು.

"ನೀನೂ ಅನ್ನಬ್ಯಾಡ!" ಎಂದು ತಾಟು ಸರಿಸಿ ಎದ್ದ.

ಶನಿವಾರ ಕಿತ್ತೂರಿನ ಸಾಲೆಯ ಪಟಾಂಗಣದಲ್ಲಿ ಜನ ಕಿಕ್ಕಿರಿದಿತ್ತು. ಮೊದಲನೇ ಸಾಲಿನಲ್ಲಿ ಪರಪ್ಪ, ಅವನ ಪಕ್ಕ ರಘೋತ್ತಮ. ರಾಯರು ಮೈಕಿನ ಮುಂದೆ ನಿಂತು ಗಿಟಾರು ಎತ್ತಿ ತೋರಿಸಿದರು. "ಇದರ ಮೈ ನೋಡ್ರಿ, ನಮ್ಮ ಪರಪ್ಪ ಮಿಸ್ತ್ರಿ ಕೈಚಳಕ. ವೈರಿಂದು ನಮ್ಮ ರಘೋತ್ತಮ ಸ್ವಲ್ಪ ಎಡವಿದ್ದ, ಆದ್ರ ಆಮ್ಯಾಲೆ ಸುಧಾರಿಸಿದ."

"ಗಂಟಿ ಬಾರ್ಸೂ ಕೈರೀ ಅದು, ವೈರು ಹೆಂಗ ತಿಳೀಬೇಕು!" ಎಂದು ಹಿಂದಿನಿಂದ ಯಾರೋ ಕೂಗಿದರು. ಪಟಾಂಗಣ ನಕ್ಕಿತು. ರಘೋತ್ತಮನೂ ನಕ್ಕ, ಏನೂ ಆಗದವನಂತೆ.

ಆ ನಗು ಪರಪ್ಪನಿಗೆ ತಡೆಯಲಾಗಲಿಲ್ಲ. ಎದ್ದ. ಎದ್ದವನಿಗೆ ಕಿತ್ತೂರೇ ಕೇಳುವಂಥ ದನಿ ಬಂತು.

"ನಿಲ್ಲಸ್ರಿ ರಾಯರ! ಎಡವಿದಾಂವ ಇಂವ ಅಲ್ಲ, ನಾನು! ಹಿತ್ತಾಳಿ ತಂತಿ ಕಟ್ಟಿದ್ದ ನಾನು! ನನ್ನ ತಪ್ಪ ತನ್ನ ತಲಿಮ್ಯಾಲೆ ಹಾಕ್ಕೊಂಡು ದೊಡ್ಡಾಂವ ಆಗಾಕ ಹೊಂಟಾನ. ನನ್ನ ತಪ್ಪು ನಂದು. ಅದನ್ನೂ ಇಂವಗ ಬಿಟ್ಟಕೊಡಂಗಿಲ್ಲ ನಾ!"

ನಗುತ್ತಿದ್ದವರೆಲ್ಲ ಪರಪ್ಪನ ಕಡೆ ತಿರುಗಿದರು. ರಘೋತ್ತಮ ಕೂತಲ್ಲಿಂದಲೇ ಮೆಲ್ಲಗೆ ಅಂದ: "ಹಂಗಾದ್ರ ರೇಡಿಯೋ ವೈರಿಂದೂ ಹೇಳಿಬಿಡ್ರಿ ಮಿಸ್ತ್ರಿ. ಇಷ್ಟು ಮಂದಿ ಕೂಡ್ಯಾರ."

ಪರಪ್ಪ ದಪ್ಪನೆ ಕೂತುಬಿಟ್ಟ. "ಅದು ಇಲಿ," ಎಂದ.

ಮೇಲೆ ರಾಯರು ತಂತಿ ಮಿಡಿದರು. ಗಿಟಾರಿನ ದನಿ ಪಟಾಂಗಣ ದಾಟಿ ಕೋಟೆಯ ಗೋಡೆಯ ತನಕ ಹೋಗಿ ಬಂತು. ಹಿತ್ತಾಳೆಯ ಜೇನು ಅದರಲ್ಲಿರಲಿಲ್ಲ. ಬೇರೆಯೇ ಒಂದು ಚೂಪು, ಬೇರೆಯೇ ಒಂದು ಬೆಳಕು ಇತ್ತು. ಚೆಂದ ಇತ್ತು. ಪರಪ್ಪನ ಹೊಟ್ಟೆ ಅದಕ್ಕೂ ಉರಿಯಿತು, ಆದರೆ ಕೈ ತಾನಾಗಿ ತೊಡೆಯ ಮೇಲೆ ತಾಳ ಹಾಕುತ್ತಿತ್ತು.

ಸೋಮವಾರ ಗಿಟಾರನ್ನು ಕೊಟ್ಟಿಗೆಗೆ ತರಿಸಿಕೊಂಡು, ರಘೋತ್ತಮನಿಗೂ ಹೇಳಿ ಕಳಿಸಿದ. ಸೀತವ್ವ ಮೂರು ಕಪ್ಪು ಚಹಾ ತಂದಿಟ್ಟಳು, ಒಂದು ರಾಯರಿಗೆ. ಪರಪ್ಪ ಗುಳಿ ಮುಚ್ಚಿದ್ದ ಹಿಂದಿನ ತಗಡು ಬಿಚ್ಚಿ, ವೈರು ಸರಿಸಿ, ಮರಳುಕಾಗದದ ಚೂರಿನಿಂದ "ಬೈಲಹೊಂಗಲ" ಎನ್ನುವುದನ್ನು ಉಜ್ಜಿ ತೆಗೆದ. ಆ ಜಾಗದಲ್ಲಿ ರಘೋತ್ತಮನ ಹೆಸರು ಬರೆಯಲು ಕೂತ. ಮೂರನೇ ಇಯತ್ತೆಯ ಕೈಗೆ ಅದು ಕಷ್ಟದ ಹೆಸರು. ರಾಯರು ಪಕ್ಕದಲ್ಲಿ ಕೂತು ಅಕ್ಷರ ಹೇಳಿಕೊಟ್ಟರು. ಚಹಾ ಆರುವ ತನಕ ಬರೆದು, ಊದಿ, ತೋರಿಸಿದ.

ರಘೋತ್ತಮ ಬಾಗಿ ನೋಡಿದ. ಅಕ್ಷರಗಳು ಪರಪ್ಪನ ಹೆಸರಿನವುಗಳ ಅರ್ಧದಷ್ಟೂ ಇರಲಿಲ್ಲ.

"ಭಾಳ ಸಣ್ಣದಾತಲ್ರಿ, ಮಿಸ್ತ್ರಿ."

"ಜಾಗಾ ಅಷ್ಟ ಇತ್ತು," ಎಂದು ಪರಪ್ಪ ತಗಡು ಮುಚ್ಚಿದ. ಪಕ್ಕದಲ್ಲಿ ಇನ್ನೂ ಎರಡು ಬೆರಳು ಜಾಗ ಖಾಲಿ ಇತ್ತು.