ನೋಟ್‌ಪ್ಯಾಡಿನಲ್ಲಿ ಅಪ್ಪನ ಕನ್ನಡ

ಗಂಟಲಿನ ಕ್ಯಾನ್ಸರಿಗೆ ತಿರುವನಂತಪುರದ ಆಸ್ಪತ್ರೆಯಲ್ಲಿ ನನ್ನ ಗಂಡನ ಧ್ವನಿಪೆಟ್ಟಿಗೆ ತೆಗೆದ ಮೇಲೆ ಅವರು ಲ್ಯಾಪ್‌ಟಾಪಿನ ನೋಟ್‌ಪ್ಯಾಡಿನಲ್ಲಿ ಬರೆದು ಮಾತಾಡತೊಡಗಿದರು. ಸಣ್ಣ ಮೊಬೈಲಿನಲ್ಲಿ ಬೆರಳು ಓಡುತ್ತಿರಲಿಲ್ಲ.

ನಮ್ಮ ಮಗಳು ಹುಟ್ಟಿ ಬೆಳೆದದ್ದು ಕೊಚ್ಚಿಯ ಕಾಕ್ಕನಾಡಿನಲ್ಲಿ. ಮೈಸೂರಿನವರಾದ ನಾವು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ಮಲಯಾಳದಲ್ಲಿ. ಕನ್ನಡ ಓದಲು ಬಾರದು. ಹಾಗಾಗಿ ಅವರು ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಿದ್ದರು. ಬೇರೆ ಕಡೆ ಬರೆದರೆ ತಪ್ಪೆಂದು ಪ್ರತಿ ಪದದ ಕೆಳಗೂ ಕೆಂಪು ಗೆರೆ ಬೀಳುತ್ತಿತ್ತು. ನಮ್ಮ ಹಳೆಯ ಲ್ಯಾಪ್‌ಟಾಪಿನ ನೋಟ್‌ಪ್ಯಾಡು ಬರೆದದ್ದನ್ನು ಬರೆದ ಹಾಗೆ ಬಿಡುತ್ತಿತ್ತು.

ಆಸ್ಪತ್ರೆಯ ಹತ್ತಿರದ ಬಾಡಿಗೆ ಕೋಣೆಯಲ್ಲಿ ನಾನು ಗಂಜಿ ಬೇಯಿಸುತ್ತಿದ್ದಾಗ ಅವಳು ಅವರ ಪಕ್ಕ ಕೂತು ಗಟ್ಟಿಯಾಗಿ ಓದಿದಳು: "ಅಮ್ಮ ಊತ ಮಾಡಿದ್ಲಾ?"

ಅವರ ಭುಜ ಕುಲುಕುಲು ಅಲುಗಿತು. ಸದ್ದಿಲ್ಲದ ನಗು. oota ಎಂದಿದ್ದುದರ t ಅನ್ನು ದೊಡ್ಡಕ್ಷರ ಮಾಡಿ ooTa ಎಂದು ಮತ್ತೆ ಬರೆದರು. "ಊಟ," ಎಂದಳು ಮಗಳು. ಅವಳ ಬಾಯಲ್ಲಿ ಕನ್ನಡ ಕೇಳುವುದಕ್ಕೆ ಇಷ್ಟೆಲ್ಲ ಆಗಬೇಕಾಯಿತೇ ಎಂದು ನಾನು ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಅಲ್ಲಿಂದ ಅವರ ಮಾತೆಲ್ಲ ಅವಳ ದನಿಯಲ್ಲೇ ನನಗೆ ಬರುತ್ತಿತ್ತು. ಸಂಜೆ ಮುಚ್ಚುವಾಗ ಉಳಿಸಬೇಕೇ ಎಂದು ನೋಟ್‌ಪ್ಯಾಡು ಕೇಳುತ್ತಿತ್ತು. ಅವರು ಬೇಡವೆಂದು ಒತ್ತುತ್ತಿದ್ದರು.

"ಇರ್ಲಿ ಬಿಡ್ರೀ, ಅಳಿಸ್ಬೇಡಿ," ಎಂದೆ ಒಮ್ಮೆ.

ಅವರು ಬರೆದರು, ಮಗಳು ಓದಿದಳು: "ಆಡಿದ ಮಾತನ್ನೆಲ್ಲ ಯಾರಾದ್ರೂ ಎತ್ತಿಡ್ತಾರೇನೇ?"

ರೋಗ ಶ್ವಾಸಕೋಶಕ್ಕೆ ಹಬ್ಬಿತು. ಕೊನೆಯ ವಾರ ಕೈಗೂ ಬಲವಿರಲಿಲ್ಲ. ಮಗಳು ಖಾಲಿ ಪರದೆಯನ್ನು ಅವರ ಮುಂದೆ ಹಿಡಿದೇ ಕೂತಿರುತ್ತಿದ್ದಳು. ಅವರು ಅವಳ ಮುಖ ನೋಡುತ್ತಿದ್ದರು. ಒಂದು ಬೆಳಿಗ್ಗೆ ಆ ನೋಟವೂ ನಿಂತುಹೋಯಿತು.

ಕೊಚ್ಚಿಗೆ ಮರಳಿದ ಮೇಲೆ ಅವಳು ಪೂರ್ತಿ ಮಲಯಾಳಕ್ಕೆ ಹೊರಳಿದಳು. ಶಾಲೆ ಶುರುವಾಗುವ ಮುನ್ನ ಅಲ್ಲಿನ ಎಡಪ್ಪಳ್ಳಿಯ ಅಂಗಡಿಯಲ್ಲಿ ಅವಳಿಗೆ ಚಪ್ಪಲಿ ಕೊಳ್ಳುವಾಗ ನಾನು ಸೋತು ಕೇಳಿದೆ, "ಒಂದ್ಸಲ ಕನ್ನಡದಲ್ಲಿ ಮಾತಾಡೇ, ಕಂದ."

"ಅದು ಅಪ್ಪ ಎಳುದಿಯಾಲೇ ಪಟ್ಟೂ, ಅಮ್ಮಾ." ಅಪ್ಪ ಬರೆದುಕೊಟ್ಟರಷ್ಟೇ ಆಗುವುದು ಎಂದಳು.

ಅಂಗಡಿಯವನು ಚಪ್ಪಲಿ ಹಿಡಿದು ನಿಂತಿದ್ದ. ನಾನು ಅವಳನ್ನು ತಬ್ಬಿಕೊಂಡು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ.