ಕೂತವನ ಕಡೆಯಿಂದ ತಿರುಗಿ ಬಂದ ಬೆಳಕು

ಸತ್ತ ನನ್ನ ಗಂಡ ತಂತಿ ಹಿಡಿದಿರಲಿಲ್ಲ, ತಂತಿಯನ್ನು ಹೆಗ್ಗಣ ಕಡಿದಿತ್ತು. ಊರವರು ಏನೇ ಹೇಳಲಿ, ನಡೆದದ್ದು ಇಷ್ಟೇ.

ಮಸ್ಕಿಯಿಂದ ಸಂತೆಕಲ್ಲೂರಿನ ಕಡೆ ಹೋಗುವ ಇಂಟರ್‌ನೆಟ್ ಕೇಬಲ್ಲನ್ನು ನಮ್ಮ ಹೊಲದ ಬದುವಿನಲ್ಲಿ ಹೂತಿದ್ದಾರೆ. ಗಂಡನ ಸಮಾಧಿಯೂ ಅದೇ ಬದುವಿಗೆ ಹತ್ತಿದೆ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸಿ ಹೂಳುತ್ತಾರೆ. ಆತ ಅಲ್ಲಿ ಕೂತಿದ್ದಾನೆ.

ಕೇಬಲ್ಲು ಕೆಟ್ಟ ದಿನ ರಿಪೇರಿಗೆ ಬಂದವಳು ನನ್ನ ಮಗಳ ಮಗಳೇ. ಲಿಂಗಸುಗೂರಿನಲ್ಲಿ ಅವಳಿಗೆ ಅದೇ ನೌಕರಿ. ಮಸ್ಕಿ ತುದಿಯಿಂದ ಮೀಟರು ಹಚ್ಚಿ ಬೆಳಕು ಬಿಟ್ಟಿದ್ದಳು. ಬೆಳಕು ಒಳಗೆ ಓಡಿ, ಹರಿದ ಜಾಗಕ್ಕೆ ಬಡಿದು ವಾಪಸ್ ಬರುತ್ತದಂತೆ. ಬರಲು ಹಿಡಿದ ಹೊತ್ತು ನೋಡಿ ಮೀಟರು ದೂರ ಹೇಳುತ್ತದೆ. ಆ ದೂರ ಅಳೆಯುತ್ತ ಬಂದವಳು ಸಮಾಧಿಯ ಮುಂದೆ ನಿಂತಳು. ಮಸ್ಕಿಯಲ್ಲಿ ಮೀಟರಿನ ಹತ್ತಿರ ಬಿಟ್ಟುಬಂದಿದ್ದ ಜೊತೆಗಾರನಿಗೆ ಫೋನ್ ಮಾಡಿ ಮತ್ತೆ ಬೆಳಕು ಬಿಡಿಸಿದಳು. ಮತ್ತೆ ಅದೇ ಜಾಗ.

ಅಗೆಯಲು ಬಂದಿದ್ದ ಜವಳಗೇರಾದವನು ಗುದ್ದಲಿ ಕೆಳಗಿಟ್ಟ.

"ಯವ್ವಾ, ಒಳಗಿಂದ ಯಾರೋ ವಾಪಸ್ ಕಳಸಾಕತ್ತಾರ. ನಾ ಒಲ್ಲೆ."

"ಬದುಕಿದ್ದಾಗ ಕರದ್ರ ಓ ಅನ್ನಲಿಲ್ಲ ಆತ. ಈಗ ಅಂತಾನೇನು?" ಅಂದೆ. ಅಂದೆನಾದರೂ ಸಮಾಧಿಯಿಂದ ಒಂದು ಹೆಜ್ಜೆ ಹಿಂದಕ್ಕಿಟ್ಟೆ.

"ಅಜ್ಜಿ, ಅಂಚಿಗಷ್ಟ ಅಗದು ನೋಡ್ತೀವಿ. ದವಾಖಾನಿ ಲೈನೂ ಇದರಾಗ ಐತಿ," ಅಂದಳು ಮೊಮ್ಮಗಳು.

"ಮಣ್ಣು ಕುಸುದ್ರ ಆತ ಕೂತಲ್ಲೇ ವಾಲ್ತಾನ. ಕೈ ಹಚ್ಚಬ್ಯಾಡ."

ಅವಳು ಸಿಟ್ಟಿನಿಂದ ಬೈಕ್ ಹತ್ತಿ, ಮಸ್ಕಿಯಿಂದ ಮೀಟರು ತಂದು, ಸಂತೆಕಲ್ಲೂರಿನ ತುದಿಗೆ ಹೋಗಿ, ಅಲ್ಲಿಂದ ಬೆಳಕು ಬಿಟ್ಟು ಅಳೆಯುತ್ತ ಬಂದಳು. ಈ ಸಲ ಅಳತೆ ಸಮಾಧಿ ದಾಟಿ, ಮಸ್ಕಿ ಕಡೆಯ ಜಾಲಿಗಿಡದ ಹತ್ತಿರ ನಿಂತಿತು.

"ಸರದು ಕೂತಾನ," ಅಂದ ಜವಳಗೇರಾದವನು, ಮೆಲ್ಲಗೆ.

ಮೊಮ್ಮಗಳು ಅವನ ಮಾತು ಕೇಳಿಸಿಕೊಳ್ಳಲಿಲ್ಲ. "ಅಜ್ಜಿ, ಕೇಬಲ್ ಹಾಕುವಾಗ ಎಲ್ಲೆರೆ ಸುರುಳಿ ಸುತ್ತಿ ಹೂತಾರೇನು?"

"ಹೂತಾರ. ಆ ಬೇವಿನ ಬುಡಕ, ಗಾಡಿ ಗಾಲಿಯಷ್ಟು."

ಮುಂದೆ ಹರಿದರೆ ಜೋಡಿಸಲು ಇರಲಿ ಎಂದು ಹಾಗೆ ಇಡುತ್ತಾರೆ. ಬೇವು ಇರುವುದು ಜಾಲಿಗಿಂತ ಮಸ್ಕಿ ಕಡೆಗೆ. ಮೀಟರು ಸುರುಳಿಯನ್ನೂ ಅಳೆದಿತ್ತು, ಇವಳು ಬರೀ ನೆಲ ಅಳೆದಿದ್ದಳು. ಅದಕ್ಕೇ ಮೊದಲ ಸಲ ಜಾಗ ಮುಂದಕ್ಕೆ ಹೋಗಿ ಸಮಾಧಿಗೆ ಬಿದ್ದಿತ್ತು.

ಜಾಲಿ ಹತ್ತಿರ ಅಗೆದರೆ ಕೇಬಲ್ಲಿನ ಮೇಲೆ ಹೆಗ್ಗಣದ ಹಲ್ಲು. ಪಕ್ಕದಲ್ಲೇ ಬಿಲ. ಮೊಮ್ಮಗಳು ಮೊಬೈಲಿನ ಬೆಳಕು ಹಿಡಿದಳು. ಬಿಲ ನೆಟ್ಟಗೆ ಸಮಾಧಿಯ ಕಡೆ ಹೋಗಿತ್ತು. ಆ ಬೆಳಕು ಮಾತ್ರ ತಿರುಗಿ ಬರಲಿಲ್ಲ. ಕೇಬಲ್ಲು ಜೋಡಿಸಿ, ಗುಂಡಿ ಅರ್ಧಕ್ಕೆ ಮುಚ್ಚಿ ಹೋದರು.

ಮರುದಿನ ಬೆಳಗ್ಗೆ ನಾನೊಬ್ಬಳೇ ಹೋದೆ. ಬಿಲದ ಬಾಯಿಗೆ ಒಡೆದ ಬಾಟಲಿ ಚೂರು, ಜಾಲಿಮುಳ್ಳು ತುರುಕಿ, ಮಣ್ಣು ಹಾಕಿ, ಮೇಲೆ ನಿಂತು ಗಟ್ಟಿಯಾಗಿ ತುಳಿದೆ.